ಕಾಗದವಿಲ್ಲದ ಶಾಲೆಯ ಜೆರಾಕ್ಸ್ ಖರ್ಚು

ಮಗಳ ಶಾಲೆ ಕಾಗದವನ್ನು ಬಿಟ್ಟ ಮೇಲೆ ನಮ್ಮ ಮನೆಯ ಕಾಗದದ ಖರ್ಚು ವಿಪರೀತ ಏರಿದೆ. ಮನೆಲೆಕ್ಕದ ಪುಸ್ತಕದಲ್ಲಿ ಈರುಳ್ಳಿ, ಟೊಮೆಟೊಗಳ ಕೆಳಗೆ ‘ಪ್ರಿಂಟ್’ ಎಂಬ ಹೊಸ ಬಾಬ್ತು ಬಂದು ಕಾಯಂ ಆಗಿ ಕುಳಿತಿದೆ. ಟೊಮೆಟೊ ಬೆಲೆಯಾದರೂ ಏರಿದ ಮೇಲೆ ಒಮ್ಮೆ ಇಳಿಯುತ್ತದೆ. ಈ ಬಾಬ್ತಿಗೆ ಇಳಿಯುವ ಅಭ್ಯಾಸವೇ ಇಲ್ಲ.

ಏಳನೆಯ ತರಗತಿಗೆ ಬಂದ ಮಕ್ಕಳಿಗೆಲ್ಲ ಶಾಲೆ ಟ್ಯಾಬ್ ಕೊಟ್ಟಿದೆ. ಕೊಟ್ಟಿದೆ ಎಂದರೆ ಶುಲ್ಕದಲ್ಲಿ ಸೇರಿಸಿ ಕೊಟ್ಟಿದೆ. ಪೋಷಕರ ಸಭೆಯಲ್ಲಿ ಇದರ ಪ್ರಯೋಜನಗಳನ್ನು ಬೆಳ್ಳಿತೆರೆಯಂತಹ ಪರದೆಯ ಮೇಲೆ ತೋರಿಸಿದರು. ಮರಗಳು ಉಳಿಯುತ್ತವೆ, ಮಕ್ಕಳ ಬೆನ್ನು ಉಳಿಯುತ್ತದೆ, ಪೋಷಕರ ಸಮಯ ಉಳಿಯುತ್ತದೆ. ಮರಗಳ ವಿಷಯ ನಾನು ಹೇಳಲಾರೆ. ಉಳಿದೆರಡರ ಬಗ್ಗೆ ಮಾತನಾಡುವ ಅಧಿಕಾರ ನನಗಿದೆ.

ರಾತ್ರಿ ಒಂಬತ್ತೂವರೆಗೆ, ಅಡುಗೆಮನೆಯ ಕಟ್ಟೆ ಒರೆಸಿ ದೀಪ ಆರಿಸುವ ಹೊತ್ತಿಗೆ ಸರಿಯಾಗಿ, ಟ್ಯಾಬ್ ‘ಟಿಣ್’ ಎನ್ನುತ್ತದೆ. ವಿಜ್ಞಾನದ ವರ್ಕ್‌ಶೀಟ್ ಬಂದಿದೆ. ಅದನ್ನು ಟ್ಯಾಬ್‌ನಲ್ಲೇ ತುಂಬುವಂತಿಲ್ಲ, ತುಂಬಿದರೆ ಮಕ್ಕಳ ಕೈಬರಹ ಕೆಡುತ್ತದಂತೆ. ಆದ್ದರಿಂದ ಪ್ರಿಂಟ್ ತೆಗೆಸಬೇಕು. ಅದರ ಮೇಲೆ ನೀಲಿ ಪೆನ್ನಿನಲ್ಲಿ ಉತ್ತರ ಬರೆದು ನೋಟ್ ಪುಸ್ತಕಕ್ಕೆ ಅಂಟಿಸಬೇಕು. ಅಂಟಿಸಿದ್ದರ ಫೋಟೊವನ್ನು ಅದೇ ಟ್ಯಾಬ್‌ನಲ್ಲಿ ತೆಗೆದು, ಪಿಡಿಎಫ್ ಮಾಡಿ, ಎರಡು ಎಂಬಿ ಮೀರದಂತೆ ಕುಗ್ಗಿಸಿ ಏರಿಸಬೇಕು. ಟೀಚರ್ ಅದನ್ನು ನೋಡಿ ಹಸಿರು ಗುರುತು ಒತ್ತುತ್ತಾರೆ. ಅಲ್ಲಿಗೆ ಮುಗಿಯಿತೇ? ಮರುದಿನ ನೋಟ್ ಪುಸ್ತಕವನ್ನೂ ಒಯ್ಯಬೇಕು, ಏಕೆಂದರೆ ಹಸಿರು ಗುರುತು ಶಾಲೆಯ ಕಂಪ್ಯೂಟರಿಗೆ, ಕೆಂಪು ಸಹಿ ತಪಾಸಣೆಗೆ ಬರುವವರಿಗೆ. ಈ ಇಡೀ ವ್ಯವಹಾರದಲ್ಲಿ ಟ್ಯಾಬ್ ಮಾಡಿದ ಕೆಲಸ ಅಂಚೆಯಣ್ಣನದು. ಅದೂ ರಾತ್ರಿ ಒಂಬತ್ತೂವರೆಗೆ ಬಾಗಿಲು ತಟ್ಟಿ, ತಾನು ತಂದ ಕಾಗದವನ್ನು ನಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿಕೊಳ್ಳಿ ಎನ್ನುವ ಅಂಚೆಯಣ್ಣ.

ಬೆನ್ನಿನ ಕಥೆ ಬೇರೆ. ಶಾಲೆಯ ಚೀಲ ಎಷ್ಟು ಭಾರವಿರಬೇಕೆಂದು ನಮ್ಮ ರಾಜ್ಯದಲ್ಲಿ 2019ರಲ್ಲೇ ಸುತ್ತೋಲೆ ಬಂದಿದೆ. ಆರರಿಂದ ಎಂಟನೆಯ ತರಗತಿಯವರಿಗೆ 3ರಿಂದ 4 ಕಿಲೋ. ನಮ್ಮ ಶಾಲೆ ನಿಯಮವನ್ನು ಮೀರುವ ಪೈಕಿ ಅಲ್ಲ. ಪಠ್ಯಪುಸ್ತಕಗಳೆಲ್ಲ ಟ್ಯಾಬ್ ಒಳಗೇ ಇವೆ, ಆದರೂ ಸರ್ವರ್ ಕೈಕೊಟ್ಟರೆ ಇರಲಿ ಎಂದು ಪುಸ್ತಕಗಳೂ ಬರಬೇಕು. ಹಾಗಾದರೆ ತೂಕ? ಟ್ಯಾಬ್, ಅದರ ದಪ್ಪ ರಬ್ಬರ್ ಕವಚ, ಚಾರ್ಜರ್, ಒರೆಸುವ ಬಟ್ಟೆ, ಇವಕ್ಕೆಲ್ಲ ಪ್ರತ್ಯೇಕ ಕೈಚೀಲ ಕಡ್ಡಾಯ ಮಾಡಿದ್ದಾರೆ. ಬೆನ್ನಿನ ಚೀಲವನ್ನು ತಕ್ಕಡಿಗೆ ಹಾಕಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಕೈಚೀಲದ ಬಗ್ಗೆ ಸುತ್ತೋಲೆ ಏನೂ ಹೇಳಿಲ್ಲವಲ್ಲ.

ಈಗ ಸಮಯದ ವಿಷಯ. ಅದಕ್ಕೆ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರನ್ನು ನೀವು ನೋಡಬೇಕು.

ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಕೂರುವ ಈ ಮನುಷ್ಯನಿಗೆ ಒಂದು ಅಭ್ಯಾಸ. ಯಾವುದೇ ಪುಟವಿರಲಿ, ಓದದೆ ಪ್ರಿಂಟ್ ಕೊಡುವುದಿಲ್ಲ. ಮನಸ್ಸಿನಲ್ಲಿ ಓದಿಕೊಂಡರೂ ಸಹಿಸಬಹುದಿತ್ತು, ಇವರು ಗಟ್ಟಿಯಾಗಿ ಓದುತ್ತಾರೆ. ಹಿಂದೆ ಸಾಲು ನಿಂತಿರಲಿ, ಮಳೆ ಬರಲಿ, ಸ್ಕೂಟರಿನ ಮೇಲೆ ಗಂಡ ಹಾರ್ನ್ ಒತ್ತುತ್ತಿರಲಿ, ಅವರ ಪಾರಾಯಣ ನಿಲ್ಲದು. “ಪರಾಗಸ್ಪರ್ಶದ ವಿಧಗಳನ್ನು ಚಿತ್ರ ಸಹಿತ ವಿವರಿಸಿ. ಬಣ್ಣದ ಪ್ರಿಂಟ್ ಬೇಕೇ ಮೇಡಂ? ಹತ್ತು ರೂಪಾಯಿ ಆಗುತ್ತದೆ. ದಾಸವಾಳ ಕೆಂಪಗಿರುತ್ತದೆಂದು ಮಗುವಿಗೆ ಗೊತ್ತಿರುವುದಿಲ್ಲವೇ? ಕಪ್ಪು-ಬಿಳುಪು ಸಾಕು.” ಸಾಕು ಎಂದರೆ ಸಾಕು. ನಾನು ಬಣ್ಣ ಬೇಕೆಂದರೂ ಅವರು ಕೊಟ್ಟಿದ್ದು ಕಪ್ಪು-ಬಿಳುಪೇ.

ಎಲ್ಲ ತರಗತಿಯ ಎಲ್ಲ ವಿಭಾಗದ ವರ್ಕ್‌ಶೀಟ್‌ಗಳೂ ಇವರ ಕೈಯಿಂದಲೇ ಹಾದುಹೋಗುವುದರಿಂದ ಪಠ್ಯಕ್ರಮದ ಮೇಲೆ ಇವರಿಗಿರುವ ಹಿಡಿತ ಮುಖ್ಯೋಪಾಧ್ಯಾಯರಿಗೂ ಇಲ್ಲ. ‘ಬಿ’ ವಿಭಾಗ ಬೀಜಗಣಿತದಲ್ಲಿ ಹಿಂದುಳಿದಿರುವುದು ಗೊತ್ತು. ಹಿಂದಿ ಟೀಚರ್ ಕಳೆದ ವರ್ಷದ ಹಾಳೆಯನ್ನೇ ದಿನಾಂಕ ಬದಲಿಸಿ ಕಳಿಸಿರುವುದೂ ಗೊತ್ತು. “ಹಳೆಯದೇ ಇದೆ ಮೇಡಂ, ಸುಮ್ಮನೆ ಫೈಲ್ ಕಳಿಸಬೇಡಿ” ಎಂದು ಕಪಾಟಿನಿಂದ ತೆಗೆದು ಕೊಡುತ್ತಾರೆ. ಅಂಗಡಿಗೆ ಕಾಲಿಟ್ಟರೆ “ಏಳನೇ ‘ಸಿ’ ತಾನೇ?” ಎಂದು ಮೊದಲೇ ತೆಗೆದಿಟ್ಟ ಕಟ್ಟು ಮುಂದೆ ಬರುತ್ತದೆ. ನಾಲ್ಕನೆಯ ಪ್ರಶ್ನೆಯಲ್ಲಿ ಅಚ್ಚಿನ ತಪ್ಪಿದ್ದರೆ ಪೆನ್ಸಿಲಿನಲ್ಲಿ ಅವರೇ ತಿದ್ದಿರುತ್ತಾರೆ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ “ನಾಳೆಯ ಕಿರುಪರೀಕ್ಷೆಗೆ ಎಲ್ಲಿಯವರೆಗೆ?” ಎಂದು ಯಾರಾದರೂ ಕೇಳಿದರೆ “ಜೆರಾಕ್ಸ್ ಅಂಕಲ್ ಹೇಳಿದ್ದು...” ಎಂದೇ ಉತ್ತರ ಶುರುವಾಗುತ್ತದೆ.

ಕಳೆದ ವಾರದ ಅವಮಾನ ಇನ್ನೂ ಆರಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಾಲೆಯ ಟ್ಯಾಬ್‌ಗಳಿಗೆ ಬೀಗ ಹಾಕಿದ್ದಾರೆ. ಆಟ ಇಲ್ಲ, ಯೂಟ್ಯೂಬ್ ಇಲ್ಲ, ಮಕ್ಕಳು ಪರಸ್ಪರ ಸಂದೇಶ ಕಳಿಸುವಂತಿಲ್ಲ. ಇಂತಹ ಬೀಗಗಳ ಆಯುಷ್ಯ ಎಷ್ಟೆಂದು ಅಮೆರಿಕದವರನ್ನು ಕೇಳಬೇಕಿತ್ತು. 2013ರಲ್ಲಿ ಲಾಸ್ ಏಂಜಲೀಸ್‌ನ ಸರ್ಕಾರಿ ಶಾಲೆಗಳು ಮಕ್ಕಳಿಗೆ ಐಪ್ಯಾಡ್ ಹಂಚಿದಾಗ, ಒಂದೇ ಪ್ರೌಢಶಾಲೆಯಲ್ಲಿ ಸುಮಾರು 300 ಮಕ್ಕಳು ಸೆಟ್ಟಿಂಗ್‌ನಲ್ಲಿದ್ದ ಪ್ರೊಫೈಲ್ ಅಳಿಸಿ ಬೀಗ ಕಳಚಿಬಿಟ್ಟಿದ್ದರು. ನಮ್ಮ ಮಕ್ಕಳು ಅಷ್ಟು ಕಷ್ಟವನ್ನೂ ಪಟ್ಟಿಲ್ಲ. ಗುಂಪಾಗಿ ಪ್ರಾಜೆಕ್ಟ್ ಬರೆಯಲೆಂದು ಶಾಲೆಯೇ ತೆರೆದುಕೊಟ್ಟ ಹಂಚಿಕೆಯ ಕಡತವೊಂದಿದೆ. ಹತ್ತು ಮಕ್ಕಳು ಒಂದೇ ಹಾಳೆಯಲ್ಲಿ ಒಟ್ಟಿಗೆ ಬರೆಯಬಹುದು. ‘ಸಮಾಜ ವಿಜ್ಞಾನ: ವಿಜಯನಗರ ಸಾಮ್ರಾಜ್ಯ’ ಎಂಬ ಶೀರ್ಷಿಕೆಯ ಆ ಕಡತವನ್ನು ಮಗಳು ಊಟದ ಹೊತ್ತಿನಲ್ಲೂ ತೆರೆದುಕೊಂಡು ಕೂರುತ್ತಿದ್ದಳು. “ನೋಡು, ಇತಿಹಾಸದಲ್ಲಿ ಎಷ್ಟು ಆಸಕ್ತಿ” ಎಂದು ಅವಳ ಅಪ್ಪ ನನ್ನ ಕಡೆ ತಿರುಗಿ ಹುಬ್ಬೇರಿಸುತ್ತಿದ್ದರು. ಅವರ ಮನೆತನದ ಗುಣವಂತೆ.

ಪ್ರಾಜೆಕ್ಟ್ ಸಲ್ಲಿಸುವ ದಿನ ಬಂತು. ಸಲ್ಲಿಸುವುದೆಂದರೆ ಗೊತ್ತಲ್ಲ, ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ. ಮಗಳು ಸ್ನಾನಕ್ಕೆ ಹೋಗಿದ್ದಳು, ಶೀರ್ಷಿಕೆ ಸ್ಪಷ್ಟವಾಗಿಯೇ ಇತ್ತು, ಕಡತವನ್ನು ಅಂಗಡಿಗೆ ಕಳಿಸಿ ನಾನೂ ಹೋಗಿ ನಿಂತೆ. ಸಾಲಿನಲ್ಲಿ ಎಂಟತ್ತು ಪೋಷಕರು. ಅಂಗಡಿಯವರು ಕನ್ನಡಕ ಇಳಿಸಿ ಪಾರಾಯಣಕ್ಕೆ ಕುಳಿತರು.

“ವಿಜಯನಗರ ಸಾಮ್ರಾಜ್ಯವು 1336ರಲ್ಲಿ ಸ್ಥಾಪನೆಯಾಯಿತು. ಹೂಂ. ಇವತ್ತು ನಿನ್ನ ಡಬ್ಬಿಯಲ್ಲಿ ಏನು?”

ನನಗೇ ಕೇಳಿದರೆಂದುಕೊಂಡು “ಡಬ್ಬಿ ಇನ್ನೂ ಕಟ್ಟಿಲ್ಲ” ಎಂದೆ. ಅವರು ತಲೆಯೆತ್ತಲಿಲ್ಲ. “ಚಿತ್ರಾನ್ನ. ಮತ್ತೆ ಚಿತ್ರಾನ್ನವೇ? ಮೊನ್ನೆಯೂ ಅದೇ ಇತ್ತಲ್ಲ? ನಮ್ಮ ಅಮ್ಮನಿಗೆ ಅದೊಂದೇ ಬರುವುದು. ಕಡಲೆಬೀಜವಾದರೂ ಇದೆಯೇ? ಹುಡುಕುತ್ತಿದ್ದೇನೆ.”

ಹಿಂದಿನ ಸಾಲು ಸ್ತಬ್ಧವಾಯಿತು. ಆ ಮೇಲೆ ಯಾರೋ ಕೆಮ್ಮಿದರು, ಅದು ಕೆಮ್ಮಾಗಿರಲಿಲ್ಲ. ಅಂಗಡಿಯವರು ಮಾತ್ರ ಕರ್ತವ್ಯನಿಷ್ಠರು, ಪುಟ ಸರಿಸುತ್ತಾ ಹೋದರು. ನಲವತ್ತಕ್ಕೂ ಹೆಚ್ಚು ಪುಟಗಳು! ಕೃಷ್ಣದೇವರಾಯ ಪಟ್ಟಕ್ಕೆ ಬರುವ ಮೊದಲು ನನ್ನ ಉಪ್ಪಿಟ್ಟು, ಇನ್ನೊಬ್ಬಳ ಮನೆಯ ಒರಟು ಚಪಾತಿ, ಮತ್ತೊಬ್ಬನ ಅಪ್ಪ ಮಾಡಿದ ಸೀದ ದೋಸೆ ಎಲ್ಲ ವಿಮರ್ಶೆಗೆ ಒಳಗಾದವು. ಸೀದ ದೋಸೆಯ ಅಪ್ಪ ಸಾಲಿನಲ್ಲೇ ಇದ್ದರು. ಅಷ್ಟು ಹೊತ್ತು ಕೆಮ್ಮುತ್ತಿದ್ದವರು ಅವರೇ ಎಂದು ಆಗ ತಿಳಿಯಿತು, ಏಕೆಂದರೆ ಕೆಮ್ಮು ಅಲ್ಲಿಗೆ ನಿಂತಿತು.

ಕೊನೆಗೆ ಅಂಗಡಿಯವರು ಕನ್ನಡಕ ಮೇಲೇರಿಸಿ ಗಂಭೀರವಾಗಿ ಕೇಳಿದರು: “ಮೇಡಂ, ಇದೂ ಪಾಠದಲ್ಲಿದೆಯೇ? ಬೈಂಡ್ ಮಾಡಲೇ?”

ಮನೆಗೆ ಬಂದು ಮಗಳನ್ನು ವಿಚಾರಿಸಿದರೆ ಅವಳಿಗೆ ಕೋಪ ನನ್ನ ಮೇಲೆ. ಸಲ್ಲಿಸುವ ಕಡತದ ಹೆಸರು ‘ಮ್ಯಾಚ್ ಸ್ಕೋರ್’ ಎಂದಂತೆ. ಅದನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ ನಿಜವಾದ ಪ್ರಾಜೆಕ್ಟನ್ನು ಅದರಲ್ಲಿ ಬರೆದಿದ್ದರಂತೆ. ಈ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಇದೇ ಬೆಂಗಳೂರಿನಲ್ಲಿ 2001ರಲ್ಲಿ ಅಂಗೈಯಲ್ಲಿ ಹಿಡಿಯುವ ಗಣಕವೊಂದರ ಮಾದರಿಯನ್ನು ತೋರಿಸಿದ್ದರು. ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಎಂಜಿನಿಯರುಗಳ ಜೊತೆ ಸೇರಿ ರೂಪಿಸಿದ್ದು. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಂಡು ಬಳಸಲಿ, ಒಬ್ಬೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿದರೆ ಸಾಕು ಎಂಬುದು ಲೆಕ್ಕಾಚಾರ. ಓದಲು ಬಾರದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕೆಂಬ ಆಸೆಯೂ ಅದರಲ್ಲಿತ್ತು. 2004ರಲ್ಲಿ ಇದೇ ಊರಿನ ಬಿಇಎಲ್ ಕಂಪನಿ ಅದನ್ನು ತಯಾರಿಸಿ ಮಾರುಕಟ್ಟೆಗೂ ತಂದಿತು. ಹೆಚ್ಚು ಮಾರಾಟವಾಗಲಿಲ್ಲ, ಜನ ಮರೆತರು. ಪತ್ರಿಕೆಯಲ್ಲಿ ಬಂದ ಅದರ ಚಿತ್ರವನ್ನು ಕತ್ತರಿಸಿ ನನ್ನ ಕಾಲೇಜಿನ ಪುಸ್ತಕದೊಳಗೆ ಇಟ್ಟುಕೊಂಡಿದ್ದೆ. ಹಳ್ಳಿಯ ಶಾಲೆಯ ಜಗಲಿಯಲ್ಲಿ ಅಂಥದೊಂದು ಯಂತ್ರದ ಸುತ್ತ ತಲೆಗೆ ತಲೆ ತಾಗಿಸಿಕೊಂಡು ಕುಳಿತ ಮಕ್ಕಳನ್ನು ಕಲ್ಪಿಸಿಕೊಂಡಿದ್ದೆ. ಈಗ ಒಂದೊಂದು ಮಗುವಿಗೂ ಒಂದೊಂದು ಯಂತ್ರ, ಅದಕ್ಕೆ ಬೀಗ ಬೇರೆ. ಆ ಮಕ್ಕಳು ಹೇಗೋ ಒಂದು ಹಾಳೆ ಹುಡುಕಿಕೊಂಡು ಮತ್ತೆ ತಲೆಗೆ ತಲೆ ತಾಗಿಸಿದ್ದಾರೆ. ಅದನ್ನು ನೆನೆದರೆ ಬೈಯಲು ಪೂರ್ತಿ ಮನಸ್ಸು ಬರುವುದಿಲ್ಲ. ಚಿತ್ರಾನ್ನದ ಮಾತು ಬಿಟ್ಟು.

ಇನ್ನು ಊರಿಗೆಲ್ಲ ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ನಮ್ಮ ಬೀದಿಯಲ್ಲಿ ಯಾರು ವಹಿಸಿಕೊಂಡಿದ್ದಾರೆಂದು ನಿಮಗೆ ತಿಳಿದೇ ಇದೆ. ಶಾಲೆಯ ಗೇಟಿಗೆ ‘ನಮ್ಮದು ಕಾಗದರಹಿತ ಶಾಲೆ’ ಎಂಬ ದೊಡ್ಡ ಫಲಕ ಬಂದಿದೆ. ಅದರ ಜೊತೆ ಹಂಚಿದ ದಪ್ಪ ಹೊಳಪು ಕಾಗದದ ಕರಪತ್ರವನ್ನು ಅಚ್ಚು ಹಾಕಿಕೊಟ್ಟವರೂ ಅವರೇ. ಅದು ಬಣ್ಣದಲ್ಲಿತ್ತು. ಶಾಲೆಯವರಿಗೆ ಮಾತ್ರ ಕಪ್ಪು-ಬಿಳುಪು ಸಾಕು ಎಂದು ಹೇಳಲು ಅವರಿಗೂ ಬಾಯಿ ಬರಲಿಲ್ಲವೇನೋ.

ನಿನ್ನೆ ಸಂಜೆ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದರು: ತಂಗಿಯ ಮದುವೆ, ಗುರುವಾರದಿಂದ ಭಾನುವಾರದವರೆಗೆ ಅಂಗಡಿ ಇರುವುದಿಲ್ಲ. ಪೋಷಕರ ಗುಂಪಿನಲ್ಲಿ ಒಂದೇ ಗದ್ದಲ. ಜ್ವರ ಬಂದಾಗ ಒಂದು ದಿನ ಹೆಚ್ಚು ಕೊಡಿ ಎಂದರೆ ಕೇಳದ ಶಾಲೆ, ಸರ್ವರ್ ಬಿದ್ದಾಗಲೂ ಗಡುವು ಬದಲಿಸದ ಶಾಲೆ. ರಾತ್ರಿ ಒಂಬತ್ತೂವರೆಗೆ ಟ್ಯಾಬ್ ‘ಟಿಣ್’ ಎಂದಿತು: “ಅನಿವಾರ್ಯ ಕಾರಣಗಳಿಂದ ಎಲ್ಲ ಪ್ರಾಜೆಕ್ಟ್‌ಗಳ ಸಲ್ಲಿಕೆಯನ್ನು ಸೋಮವಾರಕ್ಕೆ ಮುಂದೂಡಲಾಗಿದೆ. ಪೋಷಕರು ಸಹಕರಿಸಬೇಕು. ಈ ಸೂಚನೆಯ ಪ್ರಿಂಟ್ ತೆಗೆಸಿ, ಸಹಿ ಮಾಡಿ ಡೈರಿಗೆ ಅಂಟಿಸತಕ್ಕದ್ದು.”