ಕಳೆದುಕೊಂಡವರನ್ನೇ ಬೈಯಬೇಡಿ

ಸರಗಳ್ಳತನಕ್ಕೆ ಹೆಂಗಸರ ಅಜಾಗ್ರತೆಯೇ ಕಾರಣ ಎಂದು ಬರೆದಿದ್ದೀರಿ ಸರ್. ನಾನಂತೂ ಒಪ್ಪುವುದಿಲ್ಲ. 1979ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ ಹೇಳಿದ್ದು ಬೇರೆ. ಕದಿಯಲು ಹೊಂಚು ಹಾಕಿದವನು, ಕೈಗೆ ಸಿಗುವ ಗುರಿ, ಕಾಯುವವರಿಲ್ಲದ ಜಾಗ, ಈ ಮೂರೂ ಕೂಡಿಬಂದಾಗ ಅಪರಾಧ ನಡೆಯುತ್ತದೆ.

ನಮ್ಮ ಕೋಲಾರದ ಕಡೆಯೇ ನೋಡಿ. ನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಶಿಫ್ಟ್ ಮುಗಿಸಿದ ಹುಡುಗಿಯರನ್ನು ಬಸ್ಸು ಹಳ್ಳಿ ಗೇಟಿನಲ್ಲೇ ಇಳಿಸಿ ಹೋಗುತ್ತದೆ. ಅಲ್ಲಿಂದ ಊರಿಗೆ ನಡಿಗೆ. ಕಂಬ ಇದೆ, ಬಲ್ಬ್ ಇಲ್ಲ. ಗೇಟಿನ ಟೀ ಅಂಗಡಿಯೂ ಮುಚ್ಚಿರುತ್ತದೆ. ಆ ಹೊತ್ತಲ್ಲಿ ಓಡಾಡಬೇಕೆಂದು ಅವರಿಗೇನು ಆಸೆಯಾ? ಸಂಬಳ ಬೇಕಲ್ವಾ?

ಶಿಕಾಗೋದಲ್ಲಿ ಅಪರಾಧಗಳ ಅಧ್ಯಯನ ಮಾಡಿದ ಶಾ ಮತ್ತು ಮೆಕೇ ಕಂಡಿದ್ದೂ ಇದನ್ನೇ, ಜನಕ್ಕಿಂತ ಜಾಗ ಮುಖ್ಯ ಅಂತ. ವಾಸಿಸುವ ಜನ ಬದಲಾದರೂ ಕೆಲವು ಬಡಾವಣೆಗಳಲ್ಲಿ ಬಾಲಾಪರಾಧ ಜಾಸ್ತಿಯೇ ಉಳಿದಿತ್ತು. ಸುಮ್ನೆ ಹುಡುಗಿಯರಿಗೆ ಬುದ್ಧಿ ಹೇಳುವ ಬದಲು, ಬಸ್ಸು ಊರೊಳಗೆ ಬರಲಿ ಅಂತ ಬರೆಯಿರಿ ಸರ್.