ನಾಲ್ಕು ವರ್ಷ ಬರೀ ಚಿತ್ರ ಬಿಡಿಸುವುದಲ್ಲ

ನಿನ್ನೆ ಮುಂಬೈಯ ಮಾಟುಂಗಾದಲ್ಲಿ ಮದುವೆ. ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಿರಿಯರೊಬ್ಬರು, "ಮಗಳು ಪುಣೆಯಲ್ಲಿ ಚಿತ್ರ ಬಿಡಿಸುವ ಕೋರ್ಸ್ ಮಾಡುತ್ತಿದ್ದಾಳಂತೆ, ಅದಕ್ಕೂ ನಾಲ್ಕು ವರ್ಷ ಬೇಕೇ?" ಎಂದರು. ಬಾಯಿಗಿಟ್ಟ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮದುವೆಮನೆ ಎಂದು ಸುಮ್ಮನಾದೆ. ಡೊಂಬಿವಲಿಯ ಲೋಕಲ್‌ನಲ್ಲಿ ನಿಂತುಕೊಂಡು ದಾರಿಯುದ್ದಕ್ಕೂ ಅವರಿಗೆ ಉತ್ತರ ಕೊಡುತ್ತ ಬಂದೆ. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳು ಓದುತ್ತಿರುವುದು ವಿನ್ಯಾಸ, ಎಂದರೆ ದಿನಬಳಕೆಯ ವಸ್ತುಗಳನ್ನು ರೂಪಿಸುವ ವಿದ್ಯೆ. ಚಿತ್ರ ಬಿಡಿಸುವುದು ಇದೆ, ಇಲ್ಲವೆನ್ನುವುದಿಲ್ಲ. ಮೊದಲ ವರ್ಷ ಗೆರೆ, ಬಣ್ಣ, ಆಕಾರ ಎಂದು ಕೈ ನೋಯುವಷ್ಟು ಬರೆಸುತ್ತಾರೆ. ಆದರೆ ಅದು ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಒಂದು ಬೀಗದ ಒಳಗೆ ಏನೇನಿದೆ, ಯಾವುದು ಯಾವುದನ್ನು ತಳ್ಳುತ್ತದೆ ಎಂದು ಕಾಗದದ ಮೇಲೆ ಬಿಚ್ಚಿ ತೋರಿಸುವ ಚಿತ್ರ. ಆಮೇಲೆ ಜೇಡಿಮಣ್ಣು, ಥರ್ಮಾಕೋಲ್, ಮರ, ಪ್ಲಾಸ್ಟಿಕ್.

ಕಳೆದ ಸೆಮಿಸ್ಟರ್‌ನಲ್ಲಿ ಅವಳು ಹೊಸದಾಗಿ ರೂಪಿಸಲು ಆರಿಸಿಕೊಂಡದ್ದು ನಮ್ಮ ಮನೆಯ ಕಾಯಿ ತುರಿಯುವ ಹೆರೆಮಣೆಯನ್ನು. ನನ್ನ ಅಮ್ಮನಿಗೆ 74 ವರ್ಷ, ಮಂಡಿ ಮಡಚಲು ಆಗುವುದಿಲ್ಲ. ಆದರೆ ಮಿಕ್ಸಿಯಲ್ಲಿ ಪುಡಿಯಾದ ಕಾಯಿ ಅವರಿಗೆ ಸೇರುವುದಿಲ್ಲ. ಮಗಳು ಮೊದಲು ಮಾಡಿದ್ದು ಅಡುಗೆಕಟ್ಟೆಗೆ ಹೀರಿಕೊಂಡು ಅಂಟುವ ಹೆರೆಮಣೆ. ಅಂಟಿತು. ಆದರೆ ಕಟ್ಟೆ ಅಮ್ಮನಿಗೆ ಎತ್ತರ. ಮೊಣಕೈ ಮೇಲೆದ್ದು ಭುಜ ಸೋತುಹೋಗುತ್ತಿತ್ತು. ಅದನ್ನು ಬದಿಗಿಟ್ಟಳು. ಆಗ ಅವಳ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರಂತೆ: "ನೆಲದ ಮೇಲಿನ ಹಳೆಯ ಮಣೆ ಏಕೆ ಅಲುಗಾಡುವುದಿಲ್ಲ?"

ನಾನು ಹುಟ್ಟಿದಾಗಿನಿಂದ ಆ ಮಣೆಯನ್ನು ನೋಡಿದ್ದೇನೆ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅದರ ಮೇಲೆ ಕುಳಿತವರ ಭಾರವೇ ಅದನ್ನು ಹಿಡಿದಿರುತ್ತದೆ! ಮಗಳು ಆ ಭಾರವನ್ನೇ ಕುರ್ಚಿಗೆ ಏರಿಸಿದಳು. ಕುರ್ಚಿಯ ಮೇಲೆ ಒಂದು ಹಲಗೆ, ಅದರ ಮೇಲೆ ಅಮ್ಮ, ಮಂಡಿಗಳ ನಡುವೆ ಮುಂದಕ್ಕೆ ಚಾಚಿದ ಅಲಗು, ಕೆಳಗೆ ಸ್ಟೂಲಿನ ಮೇಲೆ ತಟ್ಟೆ. ಈ ಹಲಗೆಗಿಂತ ಮೊದಲು ರಟ್ಟಿನಲ್ಲೂ ಪ್ಲೈವುಡ್‌ನಲ್ಲೂ ಮಾಡಿ ಎಸೆದ ಮಾದರಿಗಳು ಒಂಬತ್ತು. ಎಸೆಯುವುದನ್ನೂ ಅಲ್ಲಿ ಕಲಿಸುತ್ತಾರೆ.

ಅಳತೆಯ ಶಾಸ್ತ್ರವೇ ಬೇರೆ ಇದೆ. ನೂರು ಜನರನ್ನು ಗಿಡ್ಡರಿಂದ ಎತ್ತರದವರ ತನಕ ಸಾಲಾಗಿ ನಿಲ್ಲಿಸಿದರೆ, ಕೈಗೆ ಎಟುಕಬೇಕಾದದ್ದನ್ನು 5ನೆಯವರನ್ನು ನೋಡಿ ಇಡಬೇಕು, ತಲೆ ತಾಗಬಾರದ್ದನ್ನು 95ನೆಯವರನ್ನು ನೋಡಿ ಇಡಬೇಕು. ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಎಟುಕದೆ ಜೋಲಾಡುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ನಾನು 28 ವರ್ಷ ಟೂಲ್ ರೂಮ್‌ನಲ್ಲಿ ಪ್ಲಾಸ್ಟಿಕ್ ವಸ್ತುಗಳ ಮೋಲ್ಡ್, ಎಂದರೆ ಅಚ್ಚು, ಮಾಡಿದವನು. ವಸ್ತುವಿನ ಗೋಡೆಗೆ ಒಂದು ಡಿಗ್ರಿಯ ಇಳಿಜಾರನ್ನೂ ಕೊಡದೆ ಡ್ರಾಯಿಂಗ್ ಕಳಿಸುತ್ತಿದ್ದ ಎಷ್ಟು ಜನರೊಂದಿಗೆ ಜಗಳವಾಡಿದ್ದೇನೆ! ಇಳಿಜಾರಿಲ್ಲದಿದ್ದರೆ ವಸ್ತು ಮೋಲ್ಡಿನಿಂದ ಬಿಡುವಾಗ ಗೀರಿಕೊಳ್ಳುತ್ತದೆ, ಕೆಲವೊಮ್ಮೆ ಬಿಡುವುದೇ ಇಲ್ಲ. ಒಂದು ಕಡೆ ದಪ್ಪ ಹೆಚ್ಚಾದರೆ ತಣಿಯುವಾಗ ಅಲ್ಲಿ ಗುಳಿ ಬೀಳುತ್ತದೆ. ನಾನು ಬೈಗುಳ ತಿಂದು ಕಲಿತ ಇದನ್ನು ಇವರಿಗೆ ಎರಡನೆಯ ವರ್ಷದಲ್ಲೇ ಹೇಳಿಕೊಡುತ್ತಾರೆ. ಅವಳ ನೋಟ್‌ಬುಕ್ಕಿನಲ್ಲಿ ಅದನ್ನು ಕಂಡ ದಿನ ನನ್ನ ಕಣ್ಣು ತುಂಬಿತು.

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎರಡು ವರ್ಷ ನಾನೇ ಎಲ್ಲರ ಮುಂದೆ "ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ" ಎಂದು ಸುಳ್ಳು ಹೇಳಿದ್ದೇನೆ. ಅವಳ ಎದುರಿಗೇ ಹೇಳಿದ್ದೇನೆ. ಅವಳು ತಿದ್ದಲಿಲ್ಲ, ತಲೆ ತಗ್ಗಿಸಿದಳು. ಆ ಹಿರಿಯರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಫೀಸು ಹೆಚ್ಚು ಎನ್ನುತ್ತಾರೆ. ನಿಜ, ಖಾಸಗಿ ಕಾಲೇಜಿನ ಫೀಸು ನಮ್ಮಂಥವರ ಬೆನ್ನು ಮುರಿಯುತ್ತದೆ. ಕೆಲಸ ಸಿಗುತ್ತದೆಯೇ ಎನ್ನುತ್ತಾರೆ. ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿ ಕುಳಿತಿರುವ ಹುಡುಗರ ಅಪ್ಪಂದಿರನ್ನು ಯಾರೂ ಪಂಕ್ತಿಯಲ್ಲಿ ಹೀಗೆ ಕೇಳುವುದಿಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯೂ ಅಲ್ಲ. ಭಾರತ ಸರ್ಕಾರ ಕರೆಸಿಕೊಂಡ ಅಮೆರಿಕದ ವಿನ್ಯಾಸಕಾರ ಈಮ್ಸ್ ದಂಪತಿ 1958ರ ವರದಿಯಲ್ಲಿ ಹಾಡಿ ಹೊಗಳಿದ್ದು ನಮ್ಮ ಚೊಂಬನ್ನು. ತುಂಬಿದಾಗ ಎಷ್ಟು ಭಾರ, ಸೊಂಟದ ಮೇಲೆ ಹೇಗೆ ಕೂರುತ್ತದೆ, ನೀರು ಹೇಗೆ ಸುರಿಯುತ್ತದೆ ಎಂದು ಯೋಚಿಸಿ ನೋಡಿ ಎಂದರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ನಮ್ಮ ಪೊವಾಯಿಯ ಐಐಟಿಯಲ್ಲಿ 1969ರಿಂದ ವಿನ್ಯಾಸ ಕಲಿಸುತ್ತಿದ್ದಾರೆ. ಕಾಂಜೂರ್‌ಮಾರ್ಗ್‌ನಲ್ಲಿ ಇಳಿದರೆ ರಿಕ್ಷಾ ದಾರಿ. ಅದೇ ಲೈನಿನಲ್ಲಿ ದಿನವೂ ಓಡಾಡುವ ನಮಗೆ ಇನ್ನೂ ಅದು "ಚಿತ್ರ ಬಿಡಿಸುವ ಕೋರ್ಸ್".

ಇವತ್ತು ಬೆಳಿಗ್ಗೆ ಅಮ್ಮ ಹೊಸ ಮಣೆಯ ಮೇಲೆ ಕುಳಿತು ಅರ್ಧ ಕಾಯಿ ಹೆರೆದರು. "ಅಲಗು ಎರಡು ಬೆರಳು ಮೇಲಿರಲಿ, ತುಂಬ ಬಾಗಬೇಕಾಗಿದೆ" ಎಂದರು. ಮಗಳು ನೆಲದ ಮೇಲೆ ಕುಳಿತು, ಅಜ್ಜಿಯ ಎರಡು ಬೆರಳನ್ನು ಜೋಡಿಸಿ ಸ್ಕೇಲ್ ಹಿಡಿದಳು. 31 ಮಿಲಿಮೀಟರ್ ಎಂದು ಬರೆದುಕೊಂಡಳು.