ಸ್ಪಷ್ಟನೆ: ಎಚ್‌ಪಿ-35 ಮೊದಲ ಕಿಸೆ ಕ್ಯಾಲ್ಕುಲೇಟರ್ ಅಲ್ಲ

1972ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಮಾರುಕಟ್ಟೆಗೆ ತಂದ ಎಚ್‌ಪಿ-35 ಜಗತ್ತಿನ ಮೊಟ್ಟಮೊದಲ ಕಿಸೆ ಕ್ಯಾಲ್ಕುಲೇಟರ್ ಎಂಬ ಮಾತು ಹಳೆಯ ಯಂತ್ರಗಳ ಸಂಗ್ರಾಹಕರ ನಡುವೆ ಹರಿದಾಡುತ್ತಿದ್ದು, ಅದು ಸರಿಯಲ್ಲ. ಜಪಾನಿನ ಬ್ಯುಸಿಕಾಮ್ ಕಂಪನಿಯ ಎಲ್‌ಇ-120ಎ 1971ರಲ್ಲೇ ಕಿಸೆಗೆ ಹಿಡಿಸುವ ಗಾತ್ರದಲ್ಲಿ ಬಂದಿತ್ತು; ಆದರೆ ಅದು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕಗಳಿಗಷ್ಟೇ ಸೀಮಿತವಾಗಿತ್ತು. ಸೈನ್, ಕೊಸೈನ್, ಲಾಗರಿದಮ್‌ಗಳನ್ನು ಅಂಗೈಯಲ್ಲೇ ಲೆಕ್ಕ ಹಾಕಿಕೊಟ್ಟು, ಎಂಜಿನಿಯರುಗಳ ಕೈಯಿಂದ ಸ್ಲೈಡ್ ರೂಲನ್ನು (ಲೆಕ್ಕ ಹಾಕಲು ಬಳಸುತ್ತಿದ್ದ ಜಾರುಪಟ್ಟಿಯನ್ನು) ಬಿಡಿಸಿದ್ದೇ ಎಚ್‌ಪಿ-35ರ ನಿಜವಾದ ಹಿರಿಮೆ. ಹೆಸರಿನಲ್ಲಿರುವ 35 ಅದರ ಕೀಲಿಗಳ ಸಂಖ್ಯೆ.

ಇನ್ನೊಂದು ಮಾತು: 2.02ರ ಸ್ವಾಭಾವಿಕ ಲಾಗರಿದಮ್ ತೆಗೆದು, ಬಂದ ಉತ್ತರವನ್ನು ಘಾತವಾಗಿಟ್ಟು ಮತ್ತೆ e^x ಲೆಕ್ಕ ಹಾಕಿದಾಗ 2.02ರ ಬದಲು 2 ಎಂದು ತೋರಿಸುವ ಎಚ್‌ಪಿ-35 ಯಂತ್ರ ಕೆಟ್ಟುಹೋದದ್ದಲ್ಲ. ಆ ದೋಷ ಆರಂಭದ ತಯಾರಿಕೆಯ ಗುರುತಾಗಿರುವುದರಿಂದ, ಅಂಥದ್ದನ್ನು ಯಾರೂ ಗುಜರಿಗೆ ಹಾಕಬಾರದೆಂದು ಕಳಕಳಿಯಿಂದ ಕೋರುತ್ತೇನೆ.